ಲ್ಯಾಪ್‌ಟಾಪ್ ಧ್ವನಿ ಕಟ್ ಆಗುತ್ತಿದೆಯೇ? ಸ್ಪೀಕರ್ ಬದಲಿಸುವ ಮುನ್ನ ಇಷ್ಟು ನೋಡಿ

ಆನ್‌ಲೈನ್ ಪಾಠ ಬಿಟ್ಟು ಬಿಟ್ಟು ಕೇಳಿಸತೊಡಗಿದರೆ ಸ್ಪೀಕರ್ ಹೋಯಿತೆಂದುಕೊಂಡು ರೂಪನಗುಡಿ ಸುತ್ತಿನ ಹಳ್ಳಿಗಳ ವಿದ್ಯಾರ್ಥಿಗಳು ಬಳ್ಳಾರಿಯ ಬಸ್ಸು ಹತ್ತುವುದು ಸಹಜ. ಹತ್ತುವ ಮುನ್ನ ಅರ್ಧ ಗಂಟೆ ಮನೆಯಲ್ಲೇ ಪರೀಕ್ಷೆ ಮಾಡಿದರೆ ಆ ಖರ್ಚು ಉಳಿಯಬಹುದು. ಸ್ಪೀಕರ್ ಕೆಟ್ಟರೆ ಧ್ವನಿ ಗರಗರ ಎಂದು ಒಡೆಯುತ್ತದೆ. ತುಂಡು ತುಂಡಾಗುವ ಧ್ವನಿಯ ತೊಂದರೆ ಸಾಮಾನ್ಯವಾಗಿ ಬೇರೆಡೆ ಇರುತ್ತದೆ.

ಲ್ಯಾಪ್‌ಟಾಪ್ ಧ್ವನಿಯನ್ನು ಸಾಮಾನ್ಯವಾಗಿ ಸೆಕೆಂಡಿಗೆ 48,000 ಚೂರುಗಳಾಗಿ ಲೆಕ್ಕ ಹಾಕಿ, ಸಣ್ಣ ಸಣ್ಣ ಕಂತುಗಳಲ್ಲಿ ಹೊರಗೆ ಕಳಿಸುತ್ತದೆ. ವಿಂಡೋಸ್‌ನಲ್ಲಿ ಒಂದು ಕಂತು ಸುಮಾರು 10 ಮಿಲಿಸೆಕೆಂಡಿನದು. ಪ್ರೊಸೆಸರ್ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡು ಮುಂದಿನ ಕಂತು ತಡವಾದರೆ ಅಲ್ಲೊಂದು ಖಾಲಿ ಬೀಳುತ್ತದೆ. ಕಿವಿಗೆ ಕೇಳುವ 'ಟಕ್' ಅದೇ.

ಮೊದಲ ಪರೀಕ್ಷೆ ನೆಟ್‌ನದು. ಎನ್‌ಪಿಟಿಇಎಲ್ ಜಾಲತಾಣದ ವಿಡಿಯೋ ಪಾಠಗಳನ್ನು ಡೌನ್‌ಲೋಡ್ ಮಾಡಿಕೊಳ್ಳಬಹುದು. ಅಂಥದೊಂದು ಪಾಠವನ್ನೋ ಹಾಡನ್ನೋ ಇಳಿಸಿಕೊಂಡು, ವೈಫೈ ಆಫ್ ಮಾಡಿ ಕೇಳಿ. ಧ್ವನಿ ಸರಾಗವಾಗಿ ಬಂದರೆ ಅನುಮಾನ ನೆಟ್‌ವರ್ಕ್ ಮೇಲೆ, ಇಲ್ಲವೇ ವೈಫೈ ಡ್ರೈವರ್ (ಅದನ್ನು ನಡೆಸುವ ತಂತ್ರಾಂಶ) ಮೇಲೆ. ಮೊಬೈಲ್ ಹಾಟ್‌ಸ್ಪಾಟ್ ಬಳಸುವವರು ಯುಎಸ್‌ಬಿ ಕೇಬಲ್ ಹಾಕಿ ಟೆಥರಿಂಗ್ ಮಾಡಿ ನೋಡಬೇಕು.

ನಂತರ ವೈರ್ ಇರುವ ಇಯರ್‌ಫೋನ್ ಚುಚ್ಚಿ. ಅದರಲ್ಲೂ ಕಟ್ ಆದರೆ ಸ್ಪೀಕರ್ ನಿರ್ದೋಷಿ. ಬ್ಲೂಟೂತ್ ಇಯರ್‌ಫೋನ್‌ನಲ್ಲಿ ಮಾತ್ರ ಕಟ್ ಆಗುತ್ತಿದ್ದರೆ, ಅದರ ಚಾರ್ಜ್ ನೋಡಿ, ಪಕ್ಕದ ಯುಎಸ್‌ಬಿ 3 ಪೆನ್‌ಡ್ರೈವ್ ತೆಗೆದಿಡಿ. ಬ್ಲೂಟೂತ್ ಓಡುವ 2.4 ಗಿಗಾಹರ್ಟ್ಸ್ ಅಲೆಗೆ ಅದು ಅಡ್ಡಿಯಾಗಬಹುದು. ಹಳೆಯ ವೈಫೈ ಕೂಡ ಅದೇ ಅಲೆಯಲ್ಲಿ ಓಡುವುದರಿಂದ ಅದೂ ಅಡ್ಡಿಯಾಗಬಹುದು.

ಬಳ್ಳಾರಿ ಸೀಮೆಯಲ್ಲಿ ಎಲ್ಲಕ್ಕಿಂತ ಗಮನ ಕೊಡಬೇಕಾದ್ದು ಬಿಸಿ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ಅನೇಕ ಲ್ಯಾಪ್‌ಟಾಪ್‌ಗಳ ಕೈಪಿಡಿಯಲ್ಲಿ ಸುತ್ತಲಿನ ಬಿಸಿಗೆ ಹೇಳಿರುವ ಮಿತಿ 35 ಡಿಗ್ರಿ. ಅತಿಯಾಗಿ ಕಾದ ಪ್ರೊಸೆಸರ್ ತನ್ನ ರಕ್ಷಣೆಗೆ ತಾನೇ ವೇಗ ಇಳಿಸಿಕೊಳ್ಳುತ್ತದೆ, ಆಗ ಧ್ವನಿಯ ಕಂತು ತಪ್ಪುತ್ತದೆ. ಬೆಳಿಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಕೆಡುವ ಧ್ವನಿಗೆ ಇದೇ ಕಾರಣವಾಗಿರಬಹುದು. ಹಾಸಿಗೆ, ದಿಂಬಿನ ಮೇಲೆ ಇಟ್ಟರೆ ಗಾಳಿಕಿಂಡಿ ಮುಚ್ಚಿಹೋಗುತ್ತದೆ. ಗಟ್ಟಿ ಹಲಗೆಯ ಮೇಲಿಟ್ಟು, ಹಿಂಬದಿ ಸ್ವಲ್ಪ ಎತ್ತರ ಮಾಡಿ, ಫ್ಯಾನ್ ಗಾಳಿಗೆ ಇಡಿ. ಎರೆ ಹೊಲದ ನುಣ್ಣನೆ ದೂಳು ಒಳಗಿನ ಫ್ಯಾನಿಗೆ ಮೆತ್ತಿಕೊಳ್ಳುತ್ತದೆ. ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, ಕಿಂಡಿಯ ದೂಳನ್ನು ಮೃದುವಾದ ಬ್ರಷ್‌ನಿಂದ ತೆಗೆಯಿರಿ. ಒಳಗಿನ ದೂಳು ತೆಗೆಸಲು ಬಿಚ್ಚಬೇಕಾದರೆ ಗೊತ್ತಿದ್ದವರ ಕೈಗೇ ಕೊಡಿ.

ತಣ್ಣಗಿದ್ದರೂ ಕಟ್ ಆದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸಿಪಿಯು (ಪ್ರೊಸೆಸರ್) ಬಳಕೆ ಶೇ. 100ರ ಹತ್ತಿರ ಇದ್ದರೆ ಯಾವುದು ತಿನ್ನುತ್ತಿದೆಯೆಂದು ಪಟ್ಟಿಯಲ್ಲೇ ಕಾಣುತ್ತದೆ. ಬ್ರೌಸರ್‌ನ ಬೇಡದ ಟ್ಯಾಬ್‌ಗಳನ್ನು ಮುಚ್ಚಿ. ಆಂಟಿವೈರಸ್ ಸ್ಕ್ಯಾನ್ ಅಥವಾ ವಿಂಡೋಸ್ ಅಪ್‌ಡೇಟ್ ನಡೆಯುತ್ತಿದ್ದರೆ ಮುಗಿಯುವವರೆಗೆ ಕಾಯಿರಿ. ಬ್ಯಾಟರಿ ಸೇವರ್ ಆನ್ ಇದ್ದರೆ ಅದನ್ನೂ ಆಫ್ ಮಾಡಿ ನೋಡಿ.

ಇನ್ನು ಸೆಟ್ಟಿಂಗ್ಸ್. ವಿಂಡೋಸ್ 11ರಲ್ಲಿ ಸಿಸ್ಟಮ್, ಸೌಂಡ್ ಒಳಗೆ ಹೋಗಿ ಸ್ಪೀಕರ್ ಆರಿಸಿ, 'ಆಡಿಯೋ ಎನ್‌ಹಾನ್ಸ್‌ಮೆಂಟ್ಸ್' ಆಫ್ ಮಾಡಿ. ಅಲ್ಲೇ 'ಫಾರ್ಮ್ಯಾಟ್' ಅನ್ನು 16 ಬಿಟ್, 48000 ಹರ್ಟ್ಸ್‌ಗೆ ಇಡಿ.

ಅಪ್‌ಡೇಟ್ ಆದ ಮೇಲೆಯೇ ತೊಂದರೆ ಶುರುವಾಗಿದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ಆಡಿಯೋ ಡ್ರೈವರ್‌ನ 'ರೋಲ್ ಬ್ಯಾಕ್' ಒತ್ತಿ. ಹೊಸ ಡ್ರೈವರ್ ಬೇಕಿದ್ದರೆ ಮಾಡೆಲ್ ಸಂಖ್ಯೆ ಕೊಟ್ಟು ತಯಾರಕರ ಜಾಲತಾಣದಿಂದಲೇ ಇಳಿಸಿಕೊಳ್ಳಬೇಕು. 'ಎಲ್ಲ ಡ್ರೈವರ್ ಒಂದೇ ಕ್ಲಿಕ್ಕಿಗೆ' ಎನ್ನುವ ಜಾಹೀರಾತುಗಳನ್ನು ಮುಟ್ಟದಿರುವುದೇ ಕ್ಷೇಮ. ಯಾವ ಡ್ರೈವರ್ ತಡ ಮಾಡುತ್ತಿದೆ ಎಂದು ಹುಡುಕಲು ಲೇಟೆನ್ಸಿಮಾನ್ ಎಂಬ ತಂತ್ರಾಂಶವಿದೆ. ಮನೆಬಳಕೆಗೆ ಅದು ಉಚಿತ.

ಇಷ್ಟಾದರೂ ಸರಿಹೋಗದಿದ್ದರೆ ಅಂಗಡಿಗೆ ಹೋಗಿ, ಯಾವ ಪರೀಕ್ಷೆಯಲ್ಲಿ ಏನು ಕಂಡಿತೆಂದು ಚೀಟಿಯಲ್ಲಿ ಬರೆದುಕೊಡಿ. ಇಯರ್‌ಫೋನ್‌ನಲ್ಲಿ ಸರಿಯಾಗಿದ್ದು ಒಳಗಿನ ಸ್ಪೀಕರ್‌ನಲ್ಲಿ ಮಾತ್ರ ಒಡಕು ಕೇಳಿದ್ದರಷ್ಟೇ ಸ್ಪೀಕರ್ ಬದಲಿಸಲು ಒಪ್ಪಿಕೊಳ್ಳಿ. ವಾರಂಟಿ ಇನ್ನೂ ಇದ್ದರೆ ಹೊರಗೆ ಬಿಚ್ಚಿಸಬೇಡಿ, ಕಂಪನಿಯ ಸರ್ವಿಸ್ ಸೆಂಟರ್‌ಗೇ ಒಯ್ಯಿರಿ.