ಕೆಳಗೆ ವಾಸ, ಮೇಲೆ ಬಾಡಿಗೆ: ಹೊಸಪೇಟೆ ಸೀಮೆಯಲ್ಲಿ ಮೊದಲ ಮನೆ ಕೊಳ್ಳುವವರಿಗೆ ಮುಖ್ಯಾಂಶಗಳು

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಅಕ್ಕಪಕ್ಕದ ಊರುಗಳೇ. ಆದರೆ ಮನೆ ಕೊಳ್ಳುವವರಿಗೆ ನಾಲ್ಕೂ ಬೇರೆ ಬೇರೆ. ತಿಂಗಳ ಬಾಡಿಗೆ ಎಷ್ಟು ಬರುತ್ತದೆ ಎಂದು ಕೇಳುವ ಮೊದಲು, ಆ ನೆಲದ ಮೇಲೆ ಯಾವ ಕಾನೂನು ನಡೆಯುತ್ತದೆ ಎಂದು ಕೇಳಬೇಕು.

ಊರುಗಳು

● ವಿಜಯನಗರ ರಾಜ್ಯದ 31ನೇ ಜಿಲ್ಲೆ. 2021ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟಿತು. ಜಿಲ್ಲಾ ಕೇಂದ್ರ ಹೊಸಪೇಟೆ. ಸಂಡೂರು, ಕಂಪ್ಲಿ ತಾಲ್ಲೂಕುಗಳು ಬಳ್ಳಾರಿಯಲ್ಲೇ ಉಳಿದವು.

● ಹೊಸಪೇಟೆಗೆ ನಗರಸಭೆ. ಸಂಡೂರು, ಕಂಪ್ಲಿಗೆ ಪುರಸಭೆ. ಹಂಪಿಗೆ ಗ್ರಾಮ ಪಂಚಾಯಿತಿ.

● ಹಂಪಿ: 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು, 1999ರಿಂದ 2006ರವರೆಗೆ ಅಪಾಯದಲ್ಲಿರುವ ತಾಣಗಳ ಪಟ್ಟಿಯಲ್ಲಿತ್ತು. ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರಕ್ಕೆ 2002ರ ಕಾಯ್ದೆಯೇ ಆಧಾರ. ಕೇಂದ್ರದ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡವಿಲ್ಲ. ಇದ್ದ ಮನೆಯ ದುರಸ್ತಿಗೂ ಅನುಮತಿ ಬೇಕು. ಹಾಗಾಗಿ ‘ಆಮೇಲೆ ಮೇಲೊಂದು ಅಂತಸ್ತು ಏರಿಸಿ ಪ್ರವಾಸಿಗರಿಗೆ ಕೊಡೋಣ’ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ವಿರೂಪಾಕ್ಷ ದೇವಾಲಯದ ಮುಂದಿನ ಬಜಾರಿನ ಮನೆ, ಅಂಗಡಿಗಳನ್ನು 2011ರ ಜುಲೈನಲ್ಲಿ ತೆರವುಗೊಳಿಸಲಾಯಿತು. ನದಿಯಾಚೆಯ ವಿರೂಪಾಪುರಗಡ್ಡೆಯ ರೆಸಾರ್ಟ್‌ಗಳು 2020ರ ಫೆಬ್ರುವರಿಯ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಉರುಳಿದವು. ಅಲ್ಲಿ ಬದುಕು ಕಟ್ಟಿಕೊಂಡಿದ್ದವರ ನೋವು ದೊಡ್ಡದು. ಕೊಳ್ಳುವವರು ಆ ಎರಡೂ ಪ್ರಕರಣಗಳನ್ನು ಓದಿಕೊಂಡೇ ಮುಂದುವರಿಯಬೇಕು.

● ಸಂಡೂರು: ಇಲ್ಲಿಯ ಬಾಡಿಗೆ ನಿಂತಿರುವುದು ಕಬ್ಬಿಣದ ಅದಿರಿನ ಮೇಲೆ. ದೋಣಿಮಲೆಯಲ್ಲಿ ಎನ್‌ಎಂಡಿಸಿ ಗಣಿ, ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ. ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ನಿಲ್ಲಿಸಿತು. ಗಣಿ ನಿಂತರೆ ಬಾಡಿಗೆದಾರರ ಸಂಬಳವೂ ನಿಲ್ಲುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ. ಆರು ತಿಂಗಳು ಮನೆ ಖಾಲಿ ಬಿದ್ದರೂ ಕಂತು ಕಟ್ಟಬಲ್ಲವರು ಮಾತ್ರ ಇಲ್ಲಿ ಕೊಳ್ಳುವುದು ಒಳ್ಳೆಯದು.

● ಕಂಪ್ಲಿ: ತುಂಗಭದ್ರಾ ಜಲಾಶಯದ ಕೆಳಭಾಗದಲ್ಲಿ, ನದಿಯ ದಂಡೆಯಲ್ಲಿದೆ. ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಅಣೆಕಟ್ಟೆಗೆ 33 ಕ್ರಸ್ಟ್ ಗೇಟ್‌ಗಳು. 19ನೆಯದು 2024ರ ಆಗಸ್ಟ್ 10ರ ರಾತ್ರಿ ಕೊಚ್ಚಿಹೋಯಿತು. ಕೋಟೆಯ ಕಡೆ ಮನೆ ನೋಡುವವರು ನೆರೆ ಎಲ್ಲಿಯವರೆಗೆ ಬಂದಿತ್ತೆಂದು ಅಕ್ಕಪಕ್ಕದ ಹಿರಿಯರನ್ನು ಕೇಳಬೇಕು. ಎರೆಮಣ್ಣಿನ ಜಾಗವಾದರೆ ಗೋಡೆಯ ಬಿರುಕು, ತಳಪಾಯದ ಆಳ ಎರಡನ್ನೂ ಎಂಜಿನಿಯರಿಗೆ ತೋರಿಸಬೇಕು.

ಕಾಗದಪತ್ರ

● ಖಾತೆ ತೆರಿಗೆಯ ದಾಖಲೆ, ಒಡೆತನದ ಪತ್ರವಲ್ಲ. ಒಡೆತನ ಬರುವುದು ನೋಂದಾಯಿತ ಕ್ರಯಪತ್ರದಿಂದ. ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮೂಲಕ ಮಾಡಿದ ಮಾರಾಟದಿಂದ ಹಕ್ಕು ವರ್ಗವಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿದೆ.

● ನೋಂದಣಿಗೆ ಇ-ಖಾತೆ ಬೇಕು. ಪಂಚಾಯಿತಿಯಲ್ಲಿ ಇ-ಸ್ವತ್ತು: ನಮೂನೆ 9 ಮತ್ತು 11ಎ ಕ್ರಮಬದ್ಧ ಆಸ್ತಿಗೆ, 11ಬಿ ಉಳಿದವಕ್ಕೆ.

● ಋಣಭಾರ ಪತ್ರ (ಇ.ಸಿ.): ವ್ಯವಹಾರಗಳಿದ್ದರೆ ನಮೂನೆ 15, ಇಲ್ಲದಿದ್ದರೆ 16. ಹೊಲ ನಿವೇಶನವಾಗಿದ್ದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪರಿವರ್ತನೆ ಆದೇಶ ನೋಡಬೇಕು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಅನುಮತಿಯಿಲ್ಲದ ಮಾರಾಟ ಅನೂರ್ಜಿತ. ಈ ಕಾಯ್ದೆ ಇರುವುದು ಬಡವರ ನೆಲ ಕೈತಪ್ಪದಿರಲೆಂದು. ಅದನ್ನು ದಾಟಿ ಕೊಳ್ಳುವ ದಾರಿ ಹುಡುಕಬಾರದು.

● ಭೋಗ್ಯ: ಇ.ಸಿ.ಯಲ್ಲಿ ಕಾಣದೆ ಉಳಿಯಬಹುದಾದ ಸಾಲವಿದು. ಮೇಲಿನ ಮನೆಯವರು ಲಕ್ಷಗಟ್ಟಲೆ ಕೊಟ್ಟು, ಬಾಡಿಗೆಯಿಲ್ಲದೆ ಕೂತಿರಬಹುದು. ಆ ಹಣ ಹಿಂದಿರುಗಿಸುವ ಹೊಣೆ ಕೊಂಡವರ ತಲೆಗೆ ಬರುತ್ತದೆ. ಮಾರುವವರ ಮಾತು ನಂಬಿ ಸುಮ್ಮನಾಗದೆ, ಮೆಟ್ಟಿಲು ಹತ್ತಿ ಅಲ್ಲಿರುವವರನ್ನೇ ಕೇಳಬೇಕು.

ಹಣ

● ಮುದ್ರಾಂಕ ಶುಲ್ಕ ಶೇ. 5, ಅದರ ಮೇಲೆ ಉಪಕರ ಶೇ. 10, ನಗರದಲ್ಲಿ ಮೇಲ್ತೆರಿಗೆ ಶೇ. 2. ಕೂಡಿದರೆ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2.

● ಸಾಲದ ಮಿತಿ (ಆರ್‌ಬಿಐ): 30 ಲಕ್ಷದವರೆಗಿನ ಸಾಲಕ್ಕೆ ಮನೆಯ ಬೆಲೆಯ ಶೇ. 90, ಅಲ್ಲಿಂದ 75 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲೆ ಶೇ. 75.

● ಉದಾಹರಣೆ: ಹೊಸಪೇಟೆಯಲ್ಲಿ 50 ಲಕ್ಷದ ಮನೆ. ಸಾಲ ಹೆಚ್ಚೆಂದರೆ 40 ಲಕ್ಷ. ಮುದ್ರಾಂಕ ಇತ್ಯಾದಿ 2.80 ಲಕ್ಷ, ನೋಂದಣಿ 1 ಲಕ್ಷ. ಕೈಯಿಂದ ಹಾಕಬೇಕಾದದ್ದು 13.80 ಲಕ್ಷ, 10 ಲಕ್ಷವಿದ್ದರೆ ಸಾಕೆಂದು ಮುಂಗಡ ಕೊಡಬಾರದು. ಬೆಲೆ 50 ಲಕ್ಷ ಮುಟ್ಟಿದರೆ ಅದರಲ್ಲೇ ಶೇ. 1 ಟಿಡಿಎಸ್ ಹಿಡಿದು, ಮಾರುವವರ ಹೆಸರಿನಲ್ಲಿ ಕಟ್ಟುವುದು ಕೊಳ್ಳುವವರ ಕೆಲಸ.

● ಆದಾಯ ತೆರಿಗೆಗೆ ಎರಡು ಅಂತಸ್ತಿನ ಲೆಕ್ಕ ಬೇರೆ ಬೇರೆ. ಬಾಡಿಗೆಯಿಂದ ಕಟ್ಟಿದ ಮನೆ ಕಂದಾಯ ಕಳೆದು, ಉಳಿದದ್ದರಲ್ಲಿ ಶೇ. 30 ವಿನಾಯಿತಿ, ಮೇಲಿನ ಅಂತಸ್ತಿನ ಪಾಲಿನ ಬಡ್ಡಿಯನ್ನೂ ಕಳೆಯಬಹುದು. ಸ್ವಂತ ವಾಸದ ಭಾಗದ ಬಡ್ಡಿಗೆ ವಿನಾಯಿತಿ ಹಳೆಯ ಪದ್ಧತಿಯಲ್ಲಿ ಮಾತ್ರ, 2 ಲಕ್ಷದ ಮಿತಿಯಲ್ಲಿ.

ಬಾಡಿಗೆ

● ಒಳಮೆಟ್ಟಿಲಿನ ಡ್ಯೂಪ್ಲೆಕ್ಸ್ ನೋಡಲು ಚೆಂದ. ಮೇಲಿನದನ್ನು ಬಾಡಿಗೆಗೆ ಕೊಡಲು ಹೊರಮೆಟ್ಟಿಲು, ಬೇರೆ ಅಡುಗೆಮನೆ, ಬೇರೆ ಜೆಸ್ಕಾಂ ಮೀಟರ್ ಬೇಕು. 2023ರ ಜುಲೈನಿಂದ ಜಾರಿಯಾದ ಗೃಹಜ್ಯೋತಿಯ ಉಚಿತ ವಿದ್ಯುತ್ (ತಿಂಗಳಿಗೆ 200 ಯೂನಿಟ್ ಮಿತಿ) ಬಾಡಿಗೆದಾರರಿಗೂ ಸಿಗುತ್ತದೆ. ಒಂದೇ ಮೀಟರಿನಲ್ಲಿ ಎರಡು ಸಂಸಾರವಿದ್ದರೆ 200 ಯೂನಿಟ್ ಬೇಗ ಮೀರುತ್ತದೆ.

● ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯ 17ನೇ ಕಲಮಿನಂತೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ರೂಢಿಗೆ ಬಂದದ್ದು ಇದರಿಂದ.

● ತಿಂಗಳ ಬಾಡಿಗೆಯ ಮನೆ ಬಿಡಿಸಲು, ಕರಾರಿನಲ್ಲಿ ಬೇರೆ ಹೇಳದಿದ್ದರೆ, 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮಿನಂತೆ 15 ದಿನದ ನೋಟಿಸ್ ಕೊಡಬೇಕು.