ಸಮಾಜ ಹೊರಗಿಟ್ಟ ಹಿರಿಯರು

ಹಿಂದಿನ ಕಾಲದಲ್ಲಿ ಮನುಷ್ಯನಿಗೆ ಅವನ ಜಾತಿ, ಮತ, ಮಠಗಳೇ ದೊಡ್ಡ ಆಸರೆಯಾಗಿದ್ದವು. ಮಗು ಹುಟ್ಟಿದಾಗ ಹರಸುವವರು, ಮದುವೆಗೆ ಹೆಣ್ಣು ಕೊಡುವವರು, ಸತ್ತಾಗ ಹೆಗಲು ಕೊಡುವವರು ಎಲ್ಲರೂ ಆ ಬಳಗದವರೇ. ಇಂತಹ ಬಳಗದಿಂದ ಒಬ್ಬನನ್ನು ಹೊರಹಾಕುವುದಕ್ಕೆ ಬಹಿಷ್ಕಾರವೆಂದು ಹೆಸರು. ಬಹಿಷ್ಕೃತನ ಮನೆಗೆ ಪುರೋಹಿತ ಬರುವುದಿಲ್ಲ, ಊಟದ ಪಂಕ್ತಿಯಲ್ಲಿ ಅವನಿಗೆ ಎಲೆಯಿಲ್ಲ, ದೇವಾಲಯದಲ್ಲಿ ತೀರ್ಥಪ್ರಸಾದವಿಲ್ಲ, ಅವನ ಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲ. ಕೋಲಿಲ್ಲದೆ, ಸೆರೆಮನೆಯಿಲ್ಲದೆ ವಿಧಿಸುವ ಈ ಶಿಕ್ಷೆ ಅವೆರಡಕ್ಕಿಂತಲೂ ಕಠೋರವಾದುದು.

ಅಪರಾಧ ಮಾಡಿದವನಿಗೆ ಬಹಿಷ್ಕಾರ ಹಾಕಿದ್ದುಂಟು. ಆದರೆ ಯಾವ ಅಪರಾಧವನ್ನೂ ಮಾಡದೆ, ತಾನು ಸತ್ಯವೆಂದು ನಂಬಿದುದನ್ನು ನಂಬಿದ ಕಾರಣಕ್ಕಾಗಿಯೇ ಹೊರಗಾದವರೂ ಇದ್ದಾರೆ. 1656ರಲ್ಲಿ ಆಮ್‌ಸ್ಟರ್‌ಡ್ಯಾಮ್ ನಗರದ ಯೆಹೂದಿ ಸಮಾಜವು ಇಪ್ಪತ್ತಮೂರು ವರ್ಷದ ತರುಣ ಸ್ಪಿನೋಜನನ್ನು ಅವನ ವಿಚಾರಗಳಿಗಾಗಿ ಹೊರಹಾಕಿತು. ಆತ ಕನ್ನಡಕದ ಗಾಜುಗಳನ್ನು ಉಜ್ಜಿ ಜೀವನ ಸಾಗಿಸಿದನೇ ಹೊರತು ತನ್ನ ವಿಚಾರಗಳನ್ನು ಹಿಂದೆಗೆದುಕೊಳ್ಳಲಿಲ್ಲ. ನಮ್ಮ ಕನ್ನಡನಾಡಿನಲ್ಲಿಯೂ ಇಂತಹ ಧೀರರು ಆಗಿಹೋಗಿದ್ದಾರೆ. ಅವರಲ್ಲಿ ಕುದ್ಮುಲ್ ರಂಗರಾಯರು ಪ್ರಮುಖರು.

ರಂಗರಾಯರು 1859ರ ಜೂನ್ 29ರಂದು ಕಾಸರಗೋಡಿನಲ್ಲಿ ಸಾರಸ್ವತ ಬ್ರಾಹ್ಮಣ ಮನೆತನವೊಂದರಲ್ಲಿ ಜನಿಸಿದರು. ಆಗ ಕಾಸರಗೋಡು, ಮಂಗಳೂರುಗಳೆರಡೂ ಮದರಾಸು ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಎಳೆಯ ವಯಸ್ಸಿನಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಉದ್ಯೋಗವನ್ನರಸಿ ಮಂಗಳೂರಿಗೆ ಬಂದರು. ಅಲ್ಲಿ ಉಪಾಧ್ಯಾಯರಾಗಿ ದುಡಿದು, ಮುಂದೆ ವಕೀಲರಾಗಿ, ಬಡವರ ಪರವಾಗಿ ವಾದಿಸುವವರೆಂದು ಹೆಸರು ಗಳಿಸಿದರು.

ರಾಜಾ ರಾಮಮೋಹನರಾಯರು 1828ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿಸಿದ ಬ್ರಹ್ಮಸಮಾಜದ ಶಾಖೆಯೊಂದು 1870ರಲ್ಲಿ ಮಂಗಳೂರಿನಲ್ಲಿಯೂ ಮೊದಲಾಗಿತ್ತು. ಉಳ್ಳಾಲ ರಘುನಾಥಯ್ಯನವರು ಅದರ ಮುಂದಾಳು. ದೇವರು ಒಬ್ಬನೇ, ಆತನ ಮಕ್ಕಳಲ್ಲಿ ಮೇಲುಕೀಳಿಲ್ಲ ಎಂಬ ಅದರ ತತ್ತ್ವವು ರಂಗರಾಯರ ಮನಸ್ಸನ್ನು ಸೆಳೆಯಿತು. ಈ ಮಾತನ್ನು ಸಭೆಯಲ್ಲಿ ಆಡುವುದು ಸುಲಭ; ಬೀದಿಯಲ್ಲಿ ನಡೆಸುವುದು ಕಷ್ಟ. ಬೆಂದೂರಿನ ಬಾಬು ಎಂಬ ದಲಿತ ತರುಣನು ನಾಲ್ಕನೆಯ ತರಗತಿಯನ್ನು ಮುಗಿಸಿ ನ್ಯಾಯಾಲಯದಲ್ಲಿ ಜವಾನನ ಕೆಲಸಕ್ಕೆ ಸೇರಿದಾಗ, ಮೇಲುಜಾತಿಯವರು ಅದನ್ನು ಸಹಿಸಲಿಲ್ಲ. ಓದು ಬಂದರೂ ಹುಟ್ಟಿನ ಕಳಂಕ ಹೋಗದೆಂಬ ಈ ಅನ್ಯಾಯವು ರಂಗರಾಯರನ್ನು ಕೆರಳಿಸಿತು. ಅವರು ಮಾತನ್ನು ಬಿಟ್ಟು ಕೃತಿಗೆ ತೊಡಗಿದರು.

1897ರಲ್ಲಿ ಅವರು ದಲಿತರ ಏಳಿಗೆಗಾಗಿ 'ಡಿಪ್ರೆಸ್ಡ್ ಕ್ಲಾಸಸ್ ಮಿಷನ್' ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮಂಗಳೂರಿನ ಹಲವೆಡೆ ಶಾಲೆಗಳು ತೆರೆದವು. ಆದರೆ ಆ ಶಾಲೆಗಳಲ್ಲಿ ಪಾಠ ಹೇಳಲು ಮೇಲುಜಾತಿಯ ಉಪಾಧ್ಯಾಯರು ಮುಂದೆ ಬರಲಿಲ್ಲ. ಕ್ರೈಸ್ತ ಉಪಾಧ್ಯಾಯರ ನೆರವನ್ನು ಪಡೆಯಬೇಕಾಯಿತು. ಮಕ್ಕಳು ಶಾಲೆಗೆ ಬಂದರೆ ಅಂದಿನ ಕೂಲಿ ತಪ್ಪುತ್ತದೆಂದು ತಂದೆತಾಯಿಗಳು ಹಿಂಜರಿಯುತ್ತಿದ್ದರು. ರಂಗರಾಯರು ಮಕ್ಕಳಿಗೆ ಮಧ್ಯಾಹ್ನದ ಊಟವನ್ನೂ ಕೆಲವು ಕಾಸುಗಳನ್ನೂ ಕೊಟ್ಟು ಅವರನ್ನು ಕರೆತಂದರು. ಮುಂದೆ ವಸತಿಗೃಹವೂ ನೇಯ್ಗೆ, ಮರಗೆಲಸಗಳ ತರಬೇತಿಯೂ ಏರ್ಪಟ್ಟವು. ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸರ್ಕಾರವು ತನ್ನ ಶಾಲೆಗಳ ಬಾಗಿಲನ್ನು ದಲಿತ ಮಕ್ಕಳಿಗೆ ತೆರೆದುದು 1910ರ ದಶಕದಲ್ಲಿ; ಅರಸನ ಆಜ್ಞೆಯಿದ್ದಾಗಲೂ ಅದಕ್ಕೆ ವಿರೋಧ ತಪ್ಪಲಿಲ್ಲ. ಹಾಗಿರುವಾಗ, ಯಾವ ಅಧಿಕಾರವೂ ಇಲ್ಲದ ಒಬ್ಬ ವಕೀಲರು ಅದಕ್ಕೂ ಮೊದಲೇ ಕೈಹಾಕಿದ ಕಾರ್ಯ ಎಷ್ಟು ಕಠಿಣವಾದುದೆಂಬುದನ್ನು ನಾವು ಊಹಿಸಬಹುದು.

ಸ್ವಜನರು ಅವರನ್ನು ಬಹಿಷ್ಕರಿಸಿದರು. ಬಂಧುಗಳು ದೂರವಾದರು. ಅಗಸರು ಬಟ್ಟೆ ಒಗೆಯಲು, ಕ್ಷೌರಿಕರು ಮನೆಗೆ ಬರಲು ಒಪ್ಪದಾದರು. ಬಹಿಷ್ಕಾರದ ಕ್ರೌರ್ಯವಿರುವುದು ಇಲ್ಲಿಯೇ. ನಂಬಿಕೆ ಒಬ್ಬನದು; ಅದರ ಬೆಲೆಯನ್ನು ತೆರುವವರು ಹೆಂಡತಿ ಮಕ್ಕಳೆಲ್ಲರೂ. ಎಷ್ಟೋ ಜನ ತಮ್ಮ ಮಟ್ಟಿಗೆ ಕಷ್ಟ ಸಹಿಸಬಲ್ಲರು. ಮಕ್ಕಳ ಮುಖ ನೋಡಿ ಸೋಲುತ್ತಾರೆ. ಒಂದು ಪ್ರಾಯಶ್ಚಿತ್ತ, ಒಂದು ಕ್ಷಮಾಪಣೆ ಸಾಕಾಗಿತ್ತು. ರಂಗರಾಯರಿಗೆ ಹಳೆಯ ಮನ್ನಣೆ ಮರಳುತ್ತಿತ್ತು. ಅವರು ಅದನ್ನು ಬಯಸಲಿಲ್ಲ. ತಮ್ಮನ್ನು ಕೆಲವು ವರ್ಷಗಳಿಂದ ಹೊರಗಿಟ್ಟಿದ್ದಾರೆ. ಈ ಮಕ್ಕಳ ಪೂರ್ವಿಕರನ್ನು ತಲೆತಲಾಂತರದಿಂದ ಹೊರಗಿಟ್ಟಿದ್ದಾರೆ ಎಂಬುದನ್ನು ಅವರು ಬಲ್ಲವರಾಗಿದ್ದರು.

ಅವರ ಮಗಳು ರಾಧಾಬಾಯಿಯವರು 1912ರಲ್ಲಿ ಅನ್ಯಜಾತಿಯ ಪಿ. ಸುಬ್ಬರಾಯನ್ ಅವರನ್ನು ವಿವಾಹವಾದರು; ಮುಂದೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು. ರಂಗರಾಯರು 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದ ಸ್ವಾಮಿಗಳಾದರು. 1928ರ ಜನವರಿ 30ರಂದು ಅವರು ತೀರಿಕೊಂಡರು. ತಮ್ಮ ಶಾಲೆಯಲ್ಲಿ ಓದಿದ ದಲಿತ ಬಾಲಕನು ಅಧಿಕಾರಿಯಾಗಿ ಮೋಟಾರಿನಲ್ಲಿ ಸಂಚರಿಸಬೇಕು, ಅದರ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ಅವರ ಹಂಬಲ. ತಮ್ಮ ಶವವನ್ನು ಪೌರಕಾರ್ಮಿಕರಾದ ದಲಿತರೇ ಹೊರಬೇಕೆಂಬುದು ಅವರ ಕೊನೆಯ ಇಚ್ಛೆ. 1934ರಲ್ಲಿ ಮಂಗಳೂರಿಗೆ ಬಂದ ಮಹಾತ್ಮಾ ಗಾಂಧಿಯವರು ಅವರ ಸಂಸ್ಥೆಯನ್ನು ಕಂಡು ಮೆಚ್ಚಿದರು. ಒಂದು ಕಾಲಕ್ಕೆ ಅವರನ್ನು ದೂರವಿಟ್ಟ ಮಂಗಳೂರಿನ ಪುರಭವನಕ್ಕೆ ಇಂದು ಅವರದೇ ಹೆಸರು.

ಬಹಿಷ್ಕಾರದ ಪ್ರಶ್ನೆ ಸ್ವತಂತ್ರ ಭಾರತದಲ್ಲಿಯೂ ಎದ್ದಿತು. 1949ರಲ್ಲಿ ಮುಂಬಯಿ ಪ್ರಾಂತ್ಯವು ಬಹಿಷ್ಕಾರವನ್ನು ನಿಷೇಧಿಸುವ ಕಾನೂನನ್ನು ಮಾಡಿತು. ಅಂದು ಆ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳಿಗೂ ಅದು ಅನ್ವಯಿಸುತ್ತಿತ್ತು. ಮತಪಂಥವು ತನ್ನ ಧಾರ್ಮಿಕ ವ್ಯವಹಾರವನ್ನು ತಾನೇ ನಡೆಸಿಕೊಳ್ಳುವ ಹಕ್ಕಿಗೆ ಇದು ಧಕ್ಕೆಯೆಂದು 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ರದ್ದುಗೊಳಿಸಿತು. ಮುಖ್ಯ ನ್ಯಾಯಮೂರ್ತಿ ಬಿ. ಪಿ. ಸಿನ್ಹಾ ಅವರೊಬ್ಬರೇ ಕಾನೂನಿನ ಪರವಾಗಿ ನಿಂತರು. ಸಮುದಾಯಕ್ಕೂ ಹಕ್ಕುಂಟು, ವ್ಯಕ್ತಿಗೂ ಹಕ್ಕುಂಟು. ಇವೆರಡನ್ನು ತೂಗಿ ನೋಡುವುದು ಸುಲಭವಲ್ಲ. ಆದರೆ ಒಂದು ವಿಷಯದಲ್ಲಿ ನಮ್ಮ ಕಾನೂನು ಸ್ಪಷ್ಟವಾಗಿದೆ. ಅಸ್ಪೃಶ್ಯತೆಯನ್ನು ಆಚರಿಸಲು ಒಪ್ಪದವನನ್ನು ಆ ಕಾರಣಕ್ಕಾಗಿ ಬಹಿಷ್ಕರಿಸುವುದು 1955ರ ಅಸ್ಪೃಶ್ಯತಾ ಅಪರಾಧಗಳ ಅಧಿನಿಯಮದ ಪ್ರಕಾರ ಶಿಕ್ಷಾರ್ಹ. ಇಂದು ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆಂಬ ಹೆಸರಿನಲ್ಲಿ ಅದು ಜಾರಿಯಲ್ಲಿದೆ. ಅಂದು ರಂಗರಾಯರ ಅಪರಾಧವೆನಿಸಿದ್ದು ಇಂದು ಕಾನೂನು ಕಾಪಾಡುವ ಧರ್ಮವಾಗಿದೆ.

ಬಳಗದ ಆಸರೆ ಎಲ್ಲರಿಗೂ ಬೇಕು. ಆದರೆ ಅಂತಃಸಾಕ್ಷಿಯನ್ನು ಒತ್ತೆಯಿಟ್ಟು ಪಡೆದ ಆಸರೆ ಮನುಷ್ಯನನ್ನು ಕುಗ್ಗಿಸುತ್ತದೆ. ಭಿನ್ನವಾಗಿ ಯೋಚಿಸುವ ನೆರೆಯವನನ್ನು ಹೊರದೂಡುವ ಮೊದಲು, ಅವನ ಮಾತು ನಿಜವಿರಬಹುದೇ ಎಂದು ಒಂದು ಕ್ಷಣ ಯೋಚಿಸುವುದು ವಿದ್ಯಾವಂತರ ಲಕ್ಷಣ.

ಅಭ್ಯಾಸ
1. ಬಹಿಷ್ಕಾರವು ಸೆರೆಮನೆಗಿಂತ ಕಠೋರವಾದ ಶಿಕ್ಷೆ ಹೇಗೆ?
2. ರಂಗರಾಯರ ಶಾಲೆಗಳಿಗೆ ಒದಗಿದ ಅಡ್ಡಿಗಳಾವುವು? ಅವರು ಅವುಗಳನ್ನು ಹೇಗೆ ನಿವಾರಿಸಿದರು?
3. 'ನಂಬಿಕೆ ಒಬ್ಬನದು; ಅದರ ಬೆಲೆಯನ್ನು ತೆರುವವರು ಹೆಂಡತಿ ಮಕ್ಕಳೆಲ್ಲರೂ.' ಈ ಮಾತನ್ನು ವಿವರಿಸಿರಿ.