ಎಲೆಯ ಪರಿಮಳ

ತುಳಸಿಯ ಎಲೆಯನ್ನು ಹೊಸಕಿದೊಡನೆ ಪರಿಮಳ ಹೊಮ್ಮುತ್ತದೆ. ಎಲೆಯ ಮೇಲ್ಮೈಯಲ್ಲಿರುವ ಸೂಕ್ಷ್ಮ ಗ್ರಂಥಿಗಳು ಒಡೆದು, ಅವುಗಳಲ್ಲಿ ಅಡಗಿದ್ದ ಸುಗಂಧತೈಲ ಹೊರಬೀಳುವುದೇ ಇದಕ್ಕೆ ಕಾರಣ. ಲವಂಗಕ್ಕೆ ವಾಸನೆ ಕೊಡುವ ಯೂಜಿನಾಲ್ ಎಂಬ ದ್ರವ್ಯವು ಈ ತೈಲದಲ್ಲಿಯೂ ಉಂಟು.

ಹಸಿಯ ಎಲೆಯಲ್ಲಿ ನೀರಿನ ಅಂಶವೇ ಹೆಚ್ಚು. ಆದುದರಿಂದ ಅದು ಬಹುಬೇಗ ಕೊಳೆಯುತ್ತದೆ. ಅದನ್ನು ಕಾಪಿಡಬೇಕಾದರೆ ಒಣಗಿಸಲೇಬೇಕು. ಆದರೆ ನೀರನ್ನು ಹೊರದೂಡುವ ಶಾಖವು ತೈಲವನ್ನೂ ಹೊರದೂಡುತ್ತದೆ. ಯೂಜಿನಾಲ್ ಕುದಿಯಲು ಸುಮಾರು 254 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಬೇಕು. ಆದರೂ ಒದ್ದೆ ಬಟ್ಟೆಯ ನೀರು ಕುದಿಯದೆಯೇ ಆರಿಹೋಗುವಂತೆ, ತೈಲವೂ ಕುದಿಯದೆಯೇ ಆವಿಯಾಗುತ್ತದೆ. ಬಿಸಿಲು ಹೆಚ್ಚಿದಷ್ಟೂ ಈ ನಷ್ಟವೂ ಹೆಚ್ಚುತ್ತದೆ. ಒಣಹಾಕಿದ ಎಲೆಯಿಂದ ಅಂಗಳವೆಲ್ಲ ಘಮಘಮಿಸಿದರೆ ಮನೆಯವರಿಗೆ ಹಿತವೆನಿಸಬಹುದು. ಆದರೆ ಅಂಗಳ ಪಡೆದ ಪರಿಮಳವು ಎಲೆ ಕಳೆದುಕೊಂಡ ಪರಿಮಳವೇ ಆಗಿದೆ.

ಹಾಗೆಂದು ತೇವದ ಮೂಲೆಯಲ್ಲಿ ದಿನಗಟ್ಟಲೆ ಬಿಟ್ಟರೆ ಎಲೆಗೆ ಬೂಷ್ಟು ಹಿಡಿಯುತ್ತದೆ. ಗಾಳಿಯಾಡುವ ನೆರಳಿನಲ್ಲಿ ತೆಳುವಾಗಿ ಹರಡುವುದೇ ಲೇಸಾದ ಮಾರ್ಗ. ಯಂತ್ರಗಳಲ್ಲಿ ಒಣಗಿಸುವಾಗಲೂ ಉಷ್ಣತೆಯನ್ನು ಸಾಮಾನ್ಯವಾಗಿ 40 ಡಿಗ್ರಿಯ ಆಸುಪಾಸಿನಲ್ಲಿ ಇರಿಸುತ್ತಾರೆ. ಒಣಗಿದ ಎಲೆಯನ್ನು ಪುಡಿಮಾಡದೆ, ಬಿಗಿಯಾದ ಮುಚ್ಚಳವುಳ್ಳ ಪಾತ್ರೆಯಲ್ಲಿ ಇಡಬೇಕು. ಅದರ ಗ್ರಂಥಿಗಳು ಒಡೆಯಬೇಕಾದುದು ಬಳಸುವ ಹೊತ್ತಿನಲ್ಲಿ ಮಾತ್ರ.